ಪದಾರ್ಥವೂ ಪ್ರಸಾದವೂ

‘ಕೃತಜ್ಞ’ ಎಂಬ ಪದಕ್ಕೆ ಮಾಡಿದುದನ್ನು ಅರಿತವನು ಎಂದರ್ಥ. ಸಂತೋಷ, ಹೊಗಳಿಕೆ ಮೊದಲಾದುವು ಆಮೇಲಿನ ಮಾತು. ಮೊದಲು ಬೇಕಾದುದು ಅರಿವು. ಊಟಕ್ಕೆ ಕುಳಿತ ಯಜಮಾನನು ಪಲ್ಯಕ್ಕೆ ಉಪ್ಪು ಸಾಲದೆಂದು ಸಿಡಿಮಿಡಿಗೊಳ್ಳುವಾಗ, ಜೋಳ ಬಿತ್ತಿದವರೂ ಬೀಸಿದವರೂ ಒಲೆಯ ಮುಂದೆ ಬೆವರುತ್ತ ರೊಟ್ಟಿ ಬಡಿದವಳೂ ಅವನ ನೆನಪಿನಲ್ಲಿರುವುದಿಲ್ಲ. ಇಂತಹ ಮರೆವು ದಿನದಿನವೂ ಬೆಳೆದು ಸ್ವಭಾವವೇ ಆಗಿಬಿಡುತ್ತದೆ.

ಶರಣರು ಇದಕ್ಕೆ ಮದ್ದನ್ನು ನಿತ್ಯದ ಊಟದಲ್ಲಿಯೇ ಇರಿಸಿದರು. ಇಷ್ಟಲಿಂಗಕ್ಕೆ ಅರ್ಪಿಸುವ ಮುನ್ನ ಎಡೆಯಲ್ಲಿರುವುದು ಪದಾರ್ಥ, ಅರ್ಪಿಸಿದ ಮೇಲೆ ಅದೇ ಪ್ರಸಾದ. ರುಚಿಯಲ್ಲಾಗಲಿ ತೂಕದಲ್ಲಾಗಲಿ ವ್ಯತ್ಯಾಸವಿಲ್ಲ; ಆದರೆ ತನ್ನದೆಂದು ಮುಂದಾದ ಕೈ ಒಂದು ಕ್ಷಣ ತಡೆದು, ಇದು ತನಗೆ ಬಂದುದು ಎಂದು ತಿಳಿಯುತ್ತದೆ. ಗಂಗಾಳ ತೊಳೆದ ನೀರನ್ನೂ ಕುಡಿಯುವ ಹಿರಿಯರ ರೂಢಿಯನ್ನು ಜಿಪುಣತನವೆಂದು ನಗುವವರುಂಟು, ನಗಲಿ.

ಅಮೆರಿಕದ ಮನಃಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೊ ಎಂಬವರು 2003ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ವಾರಕ್ಕೊಮ್ಮೆ ತಮಗಾದ ಉಪಕಾರಗಳನ್ನು ಬರೆದಿಟ್ಟವರು, ಕಿರಿಕಿರಿಗಳನ್ನು ಬರೆದಿಟ್ಟವರಿಗಿಂತ ತಮ್ಮ ಬಾಳಿನಲ್ಲಿ ಹೆಚ್ಚು ತೃಪ್ತರಾಗಿದ್ದುದು ಕಂಡುಬಂದಿತು. ಒಳ್ಳೆಯ ಅಭ್ಯಾಸವೇ ಸರಿ. ಆದರೆ ಬಂದುದನ್ನು ಎಣಿಸುವಲ್ಲಿಗೆ ಕೃತಜ್ಞತೆ ಮುಗಿಯುವುದಾದರೆ, ಹೆಚ್ಚು ಬಂದವನೇ ಹೆಚ್ಚು ಕೃತಜ್ಞನಾಗಬೇಕಿತ್ತು. ಲೋಕದಲ್ಲಿ ಹಾಗೆ ಕಾಣುವುದಿಲ್ಲ.

ಆಯ್ದಕ್ಕಿ ಲಕ್ಕಮ್ಮನ ನಡೆಯನ್ನು ಇಲ್ಲಿ ನೆನೆಯಬೇಕು. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಕೆಯ ಪತಿ ಮಾರಯ್ಯನ ಕಾಯಕ. ಒಂದು ದಿನ ಅಕ್ಕಿ ಎಂದಿಗಿಂತ ಹೆಚ್ಚಾಗಿ ಬಂದಿತು. ಲಕ್ಕಮ್ಮ ಅದನ್ನು ಕಂಡು ಹಿಗ್ಗದೆ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರಬೇಕೆಂದು ಪತಿಯನ್ನು ಮರಳಿ ಕಳುಹಿದಳೆಂಬುದು ಪ್ರಸಿದ್ಧವಾದ ಕಥೆ. ನಾಳೆಗೆಂದು ಮಡಕೆಯಲ್ಲಿ ಹಿಡಿ ಅಕ್ಕಿಯೂ ಉಳಿಯದ ಮನೆಯಲ್ಲಿ ನಡೆದ ಮಾತು ಇದು! ತಮಗೆ ಸಲ್ಲುವುದೆಷ್ಟೆಂಬ ಅಳತೆ ಆಕೆಗೆ ತಿಳಿದಿದ್ದುದರಿಂದ ಆ ಬಡತನಕ್ಕೆ ದೈನ್ಯ ತಟ್ಟಲಿಲ್ಲ.

ಉಳ್ಳವರು ಈ ಕಥೆಯನ್ನೇ ಕೂಲಿಯಾಳಿಗೆ ಹೇಳಿ, ಕೊಟ್ಟಷ್ಟರಲ್ಲಿ ತೃಪ್ತನಾಗಿರು ಎನ್ನುವುದುಂಟು. ಅದು ಸರ್ವಥಾ ಸಲ್ಲದು. ಲಕ್ಕಮ್ಮನಿಗೆ ಆ ತೃಪ್ತಿಯನ್ನು ಯಾರೂ ವಿಧಿಸಲಿಲ್ಲ. ದುಡಿದವನ ಕೂಲಿಯನ್ನು ಕಡಿದು, ಮೇಲೆ ಅವನಿಂದ ಕೃತಜ್ಞತೆಯನ್ನೂ ಬಯಸುವವನು ಸಾಲ ತೀರಿಸಬೇಕಾದವನೇ ಬಡ್ಡಿ ಕೇಳಿದಂತೆ ನಡೆಯುತ್ತಾನೆ. ಗೃಹಸ್ಥನ ಹೊಲ ನಿಂತಿರುವುದು ಆ ಆಳಿನ ರಟ್ಟೆಯ ಮೇಲೆ. ಉಪಕಾರವನ್ನು ಅರಿಯಬೇಕಾದ ಸರದಿ ಮೊದಲು ಅವನದು. ದಾಸೋಹವೆಂಬಲ್ಲಿಯೂ ದಾಸನೆನಿಸಿಕೊಳ್ಳುವವನು ನೀಡುವವನೇ. ಮಾರಯ್ಯ ಲಕ್ಕಮ್ಮ ದಂಪತಿಗಳು ಆಯ್ದು ತಂದ ಆ ಅಕ್ಕಿಯಲ್ಲಿಯೇ ಜಂಗಮರಿಗೆ ಉಣಬಡಿಸಿ, ಬಂದು ಉಂಡರಲ್ಲಾ ಎಂದು ಕೈಮುಗಿದವರು.