ತಾಳ್ಮೆಯ ಕೂಲಿ

ನೋ-ಲಿಮಿಟ್ ಹೋಲ್ಡೆಮ್ ಪೋಕರಿನಲ್ಲಿ ಕೈಗೆ ಬಂದ ಎರಡೂ ಎಲೆ ಒಂದೇ ಬಗೆಯವಾದರೆ ಅದು ಪಾಕೆಟ್ ಜೋಡಿ. ಎಕ್ಕದ ಜೋಡಿಯ ಬಲ ಎಲ್ಲರಿಗೂ ಗೊತ್ತು. ಐದು, ಆರು, ಎಂಟರ ಜೋಡಿಗಳು ಹಾಗಲ್ಲ. ಎಂಟರ ಜೋಡಿ ಹಿಡಿದರೂ, ಮೇಜಿನ ಮೇಲೆ ತೆರೆಯುವ ಮೊದಲ 3 ಎಲೆಗಳಲ್ಲಿ ಒಂದಾದರೂ ಅದಕ್ಕಿಂತ ದೊಡ್ಡದಿರುವ ಸಾಧ್ಯತೆ ಸುಮಾರು ಶೇ. 87. ಹಾಗಾಗಿ ಅನುಭವಿಗಳು ಸಣ್ಣ ಪಣ ಕಟ್ಟಿ, ಅದೇ ಅಂಕಿಯ ಮೂರನೆಯ ಎಲೆಗಾಗಿ ಕಾಯುತ್ತಾರೆ. ಆ 3 ಎಲೆಗಳಲ್ಲಿ ಅದು ಸಿಗುವ ಸಾಧ್ಯತೆ ಸುಮಾರು ಶೇ. 12. ಸಿಗದಿದ್ದರೆ ಬಹಳ ಸಲ ಎಲೆ ಕೆಳಗಿಟ್ಟು ಸುಮ್ಮನಾಗುವುದೇ ಜಾಣತನ.

ಇದನ್ನು ತಾಳ್ಮೆ ಎನ್ನುತ್ತಾರೆ. ನನಗೆ ಇಲ್ಲೊಂದು ತೊಡಕು ಕಾಣುತ್ತದೆ. ಹಲವು ಸಲ ಕಳೆದ ಸಣ್ಣ ಮೊತ್ತಗಳನ್ನು ಒಂದೇ ಸಲಕ್ಕೆ ತುಂಬಿಕೊಡುವವರು ಯಾರು? ಎಕ್ಕದ ಜೋಡಿಯ ಮೋಹ ಬಿಡಲಾರದೆ ಇದ್ದ ಹಣವನ್ನೆಲ್ಲ ಸುರಿಯುವವನು. ಸಕಾಲದಲ್ಲಿ ಎಲೆ ಕೆಳಗಿಡಬಲ್ಲವನ ಎದುರು ಈ ಕಾಯುವಿಕೆಗೆ ಕೂಲಿ ಗಿಟ್ಟುವುದು ಕಷ್ಟ. ರೈತನೂ ಕಾಯುತ್ತಾನೆ, ಅವನ ಫಸಲಿಗೆ ಇನ್ನೊಬ್ಬನ ದೌರ್ಬಲ್ಯ ಗೊಬ್ಬರವಾಗಬೇಕಿಲ್ಲ.

ಎಲ್ಲರೂ ನಿಯಮ ತಿಳಿದು, ಒಪ್ಪಿಯೇ ಕೂತಿದ್ದಾರಲ್ಲ ಎನ್ನಬಹುದು. ನಿಜ, ಎಲೆ ಮುಚ್ಚಿಟ್ಟುಕೊಳ್ಳುವುದು ಸುಳ್ಳಲ್ಲ. ಆದರೆ ಎದ್ದು ಹೋಗಬಲ್ಲವನ ಒಪ್ಪಿಗೆಗೂ ಎದ್ದು ಹೋಗಲಾರದವನ ಒಪ್ಪಿಗೆಗೂ ಒಂದೇ ತೂಕವಿಲ್ಲ. ಎರಡನೆಯವನನ್ನೇ ಹುಡುಕಿ ಅವನ ಮೇಜಿಗೆ ಹೋಗಿ ಕೂರುವವನು ಯಾವ ನಿಯಮವನ್ನೂ ಮುರಿಯುವುದಿಲ್ಲ. ಬಿಡುವುದನ್ನು ಕಲಿತವನು ಬಿಡಲಾರದವನಿಂದ ಸಂಪಾದಿಸುವಾಗ ಅವನ ಸಂಯಮವನ್ನು ಕೌಶಲವೆಂದು ಒಪ್ಪುತ್ತೇನೆ. ಸದ್ಗುಣವೆನ್ನಲು ನಾಲಿಗೆ ಹೊರಳುವುದಿಲ್ಲ.