ಬೆನ್ನಿಗೆ ನೀರು


ಇಂದಿನ ಧಮ್ಮ ಚಿಂತನೆ



ಟೋಕಿಯೋದಲ್ಲಿ ಕೆಲಸದಲ್ಲಿರುವ ಮಗ ನನ್ನನ್ನು ಶುಝೆಂಜಿ ಎಂಬ ಬಿಸಿನೀರಿನ ಬುಗ್ಗೆಗಳ ಊರಿಗೆ ಕರೆದುಕೊಂಡು ಹೋಗಿದ್ದ. ಮಿಶಿಮಾವರೆಗೆ ಬುಲೆಟ್ ರೈಲು, ಅಲ್ಲಿಂದ ಸಣ್ಣ ರೈಲು, ಆಮೇಲೆ ಬಸ್ಸು. ಊರ ನಡುವೆ ಹೊಳೆ ಹರಿಯುತ್ತದೆ. ಹೊಳೆಯ ಮಧ್ಯದ ಬಂಡೆಯಲ್ಲಿ ತೊಕ್ಕೊ-ನೊ-ಯು ಎಂಬ ಬುಗ್ಗೆ ಇದೆ. ಈಗ ಅದರಲ್ಲಿ ಸ್ನಾನಕ್ಕೆ ಬಿಡುವುದಿಲ್ಲ, ನೋಡಿ ಕೈ ಮುಗಿಯಬೇಕು ಅಷ್ಟೇ.

ಊರವರ ನಂಬಿಕೆ ಹೀಗಿದೆ. ಚೀನಾದಲ್ಲಿ ಕಲಿತು ಬಂದ ಕೂಕೈ ಗುರುಗಳು (774–835) 807ರಲ್ಲಿ ಇಲ್ಲಿಗೆ ಬಂದಾಗ, ಒಬ್ಬ ಹುಡುಗ ಕಾಯಿಲೆಯ ತಂದೆಯನ್ನು ಹೊಳೆಯ ತಣ್ಣೀರಿನಲ್ಲಿ ತೊಳೆಯುತ್ತಿದ್ದನಂತೆ. ಗುರುಗಳು ಕೈಯಲ್ಲಿದ್ದ ವಜ್ರದಿಂದ ಬಂಡೆಗೆ ಹೊಡೆದರು, ಬಿಸಿನೀರು ಚಿಮ್ಮಿತು. ಇದು ಇತಿಹಾಸವೋ ಕಥೆಯೋ ಎಂಬ ವಾದ ನನಗೆ ಬೇಡ. ಗುರು ಬರುವ ಮೊದಲೇ ಆ ಹುಡುಗ ತೊಳೆಯುತ್ತಿದ್ದ. ನನಗೆ ಚುಚ್ಚಿದ್ದು ಅದು.

ರಾತ್ರಿ ಉಳಿದುಕೊಂಡಲ್ಲಿ ಸ್ನಾನಕ್ಕೆ ಹೋದೆವು. ಅಲ್ಲಿ ಎಲ್ಲರೂ ಬರಿಮೈ. ನನಗಂತೂ ನಾಚಿಕೆ. ತೊಟ್ಟಿಗೆ ಇಳಿಯುವ ಮೊದಲು ಚಿಕ್ಕ ಮಣೆಯ ಮೇಲೆ ಕೂತು ಮೈ ಪೂರ್ತಿ ತೊಳೆದುಕೊಳ್ಳಬೇಕು. ಮಗ ಹಿಂದೆ ಬಂದು ಕೂತ. "ಅಪ್ಪಾ, ಬೆನ್ನು ಕೊಡ್ರಿ" ಎಂದು ತಿಕ್ಕಿ ನೀರು ಹಾಕಿದ. ಆ ನೀರು ಬಿದ್ದಾಗ ನನಗೆ ಬಾಗಳಿಯ ನಮ್ಮ ಬಚ್ಚಲು ನೆನಪಾಯಿತು.

ಅಪ್ಪನಿಗೆ ಲಕ್ವ ಹೊಡೆದು ಎರಡು ವರ್ಷ ಮಲಗಿದ್ದರು. ನಾನು ದಾವಣಗೆರೆಯಲ್ಲಿ ನೌಕರಿ. ತಿಂಗಳಿಗೊಮ್ಮೆ ಹಣ್ಣು, ಔಷಧಿ, ದುಡ್ಡು ತೆಗೆದುಕೊಂಡು ಹೋಗುತ್ತಿದ್ದೆ. ಮೆಕ್ಕೆಜೋಳದ ಬೆಂಡು ಉರಿಸಿ ಹಂಡೆ ಕಾಯಿಸಿ ತೊಳೆಯುತ್ತಿದ್ದವನು ತಮ್ಮ. ಒಂದು ದಿನ ಅವನು ಗೊಬ್ಬರಕ್ಕೆಂದು ಹರಪನಹಳ್ಳಿಗೆ ಹೋಗಿದ್ದ, ಅವ್ವ ತವರಿಗೆ ಹೋಗಿದ್ದಳು. ಅಪ್ಪ ಹಾಸಿಗೆ ಹೊಲಸು ಮಾಡಿಕೊಂಡರು. ಹಂಡೆಯಲ್ಲಿ ನೀರು ಕಾದಿತ್ತು. ನಾನು ಹೊರಗೆ ಕಟ್ಟೆಯ ಮೇಲೆ ಬಂದು ಕೂತೆ. ತಮ್ಮ ಬರುವವರೆಗೆ, ಹತ್ತಿರ ಹತ್ತಿರ ಎರಡು ತಾಸು. ಬಾಗಿಲು ತೆರೆದಿತ್ತು. ಮಲಗಿದಲ್ಲಿಂದ ಅಪ್ಪನಿಗೆ ನಾನು ಕಾಣುತ್ತಿದ್ದೆ.

ಇದನ್ನು ಯಾರಿಗೂ ಹೇಳಿರಲಿಲ್ಲ. ನಮ್ಮ ಬಳಗದಲ್ಲಿ ದೇಹದ 32 ಭಾಗಗಳ ಧ್ಯಾನ ಮಾಡುತ್ತೇವಲ್ಲ, ಅದರಲ್ಲಿ ಮಲ, ಮೂತ್ರ ಎಲ್ಲ ಬರುತ್ತದೆ. ಎಷ್ಟು ಸಲ ಕಣ್ಣು ಮುಚ್ಚಿ ಗಂಭೀರವಾಗಿ ಹೇಳಿದ್ದೇನೋ.

ವಿನಯಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಆಮಶಂಕೆಯಾದ ಭಿಕ್ಷುವೊಬ್ಬ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ಯಾಕೆ ಯಾರೂ ನೋಡುತ್ತಿಲ್ಲ ಎಂದು ಭಗವಾನರು ಕೇಳಿದರೆ, ನಾನು ಯಾರಿಗೂ ಏನೂ ಮಾಡಿಲ್ಲ, ಅದಕ್ಕೆ, ಎಂದ. ಭಗವಾನರು ಅವನಿಗೆ ಉಪದೇಶ ಮಾಡಲಿಲ್ಲ. ಆನಂದನನ್ನು ನೀರು ತರಲು ಕಳಿಸಿದರು. ತಾವು ನೀರು ಹಾಕಿದರು, ಆನಂದ ತೊಳೆದ. ತಲೆಯ ಕಡೆ ತಾವು, ಕಾಲಿನ ಕಡೆ ಆನಂದ ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಭಿಕ್ಷುಗಳನ್ನು ಸೇರಿಸಿ, ಇಲ್ಲಿ ನಿಮಗೆ ತಾಯಿಯಿಲ್ಲ, ತಂದೆಯಿಲ್ಲ, ಒಬ್ಬರನ್ನೊಬ್ಬರು ನೋಡದಿದ್ದರೆ ಇನ್ಯಾರು ನೋಡುತ್ತಾರೆ ಎಂದು ಕೇಳಿದರು. ನನ್ನ ಸೇವೆ ಮಾಡುವ ಮನಸ್ಸಿದ್ದವರು ರೋಗಿಯ ಸೇವೆ ಮಾಡಲಿ ಎಂದರು. ನೋಡಿ, ಮನೆಯವರು ನೋಡೇ ನೋಡುತ್ತಾರೆ ಎಂದು ಭಗವಾನರು ನಂಬಿದ್ದರು. ಆ ನಂಬಿಕೆಯೇ ನನ್ನಲ್ಲಿ ಸುಳ್ಳಾಯಿತು.

ಊರಿಗೆ ಬಂದ ಮೇಲೆ ತಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಅವತ್ತು ಗೊಬ್ಬರ ಸಿಗಲಿಲ್ಲ ಅಣ್ಣಾ, ಬರಿಗೈಲೇ ಬಂದಿದ್ದೆ" ಎಂದ. ಅವನಿಗೆ ಆ ದಿನದ್ದು ನೆನಪಿದ್ದದ್ದು ಅಷ್ಟೇ.

ಅವ್ವನಿಗೆ ಈಗ ಮೊಣಕಾಲು ನೋವು, ಒಬ್ಬಳೇ ಸ್ನಾನ ಮಾಡಲಾಗುವುದಿಲ್ಲ. ತಮ್ಮನ ಹೆಂಡತಿ ಮಾಡಿಸುತ್ತಾಳೆ. ಈ ಭಾನುವಾರ ನಾನು ಬಳಗಕ್ಕೆ ಬರುವುದಿಲ್ಲ, ಬಾಗಳಿಗೆ ಹೋಗುತ್ತಿದ್ದೇನೆ. ಅವ್ವನಿಗೆ ನೀರು ಎಷ್ಟು ಬಿಸಿ ಇರಬೇಕು ಎಂದು ತಮ್ಮನನ್ನು ಕೇಳಿದೆ.

"ಅವ್ವನ್ನೇ ಕೇಳು" ಎಂದ.

ಭವತು ಸಬ್ಬ ಮಂಗಲಂ 🙏