ಯಾವ ಥ್ಯಾಕರೆ, ಯಾವ ಪಾಟೀಲ?

ಅಕ್ಟೋಬರ್ ಬಂತಂದ್ರ ನಮ್ಮ ಕಡೆ ಸಾಲಿಗಳಲ್ಲಿ ಕಿತ್ತೂರು ಚೆನ್ನಮ್ಮನ ನಾಟಕದ ತಯಾರಿ ಶುರು. ಚೆನ್ನಮ್ಮ ಆಗೋದಕ್ಕೆ ಹತ್ತು ಹುಡುಗಿಯರು ಜಗಳ ಆಡ್ತಾರೆ. ಥ್ಯಾಕರೆ ಆಗೋ ಅಂದ್ರೆ ಮಾತ್ರ ಎಲ್ಲರದೂ ಒಂದೇ ಮಾತು, 'ನಾ ಒಲ್ಲೆ ಸರ್.' ಕಡೆಗೆ ಬೆಳ್ಳಗಿರೋ ಯಾವನೋ ಹುಡುಗನ ತಲೆಗೆ ಟೊಪ್ಪಿಗೆ ಏರಿಸಿ, ಒಂದು ಗುಂಡಿಗೆ ಅವನನ್ನ ಬೀಳಿಸಿ, ಊರ ಮಂದಿ ಚಪ್ಪಾಳೆ ಹೊಡೀತಾರೆ. ಆಮೇಲೆ ವರ್ಷವಿಡೀ ಆ ಹುಡುಗ 'ಏ ಥ್ಯಾಕರೆ'. ಧೋತರಕ್ಕೆ ಉತ್ತರಾಣಿ ಕಾಳು ಅಂಟಿದ ಹಾಗೆ ಹೆಸರು ಅಂಟಿಬಿಡ್ತದೆ. ಎಲ್ಲಿ ಹತ್ತಿಕೊಂಡಿತು, ಯಾರ ಹೊಲದ್ದು, ಯಾರೂ ಕೇಳೋದಿಲ್ಲ.

ನಿಜವಾದ ಥ್ಯಾಕರೆಯ ಪೂರ್ತಿ ಹೆಸರು ಸೇಂಟ್ ಜಾನ್ ಥ್ಯಾಕರೆ, ಧಾರವಾಡದ ಕಲೆಕ್ಟರ್. ಕಿತ್ತೂರಿನ ದೊರೆ ತೀರಿಕೊಂಡಾಗ ದತ್ತು ಮಗನನ್ನ ಒಪ್ಪಲಿಲ್ಲ, ಸಂಸ್ಥಾನದ ಖಜಾನೆಗೆ ಪಹರೆ ಹಾಕಿಸಿದ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆ ಮುಂದೆ ಸತ್ತ. ಗುಂಡು ಹೊಡೆದವನು ಅಮಟೂರ ಬಾಳಪ್ಪ ಅಂತ ನಮ್ಮ ಜನ ಇವತ್ತಿಗೂ ಹೇಳ್ತಾರೆ. ಇಷ್ಟು ನಮಗೆಲ್ಲ ಗೊತ್ತು. ಆದರೆ ಆ ಹೊತ್ತಿಗೆ ಲಂಡನ್ನಿನ ಒಂದು ಶಾಲೆಯಲ್ಲಿ ಇವನ ಅಣ್ಣನ ಮಗ, ಹದಿಮೂರು ವರ್ಷದ ಹುಡುಗ, ಓದ್ತಾ ಇದ್ದ. ಹುಟ್ಟಿದ್ದು ಕಲ್ಕತ್ತಾದಲ್ಲಿ, 1811ರಲ್ಲಿ. ಅಪ್ಪ ಸತ್ತ ಮೇಲೆ ಅವನನ್ನ ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳಿಸಿದ್ರು. ಮುಂದೆ 'ವ್ಯಾನಿಟಿ ಫೇರ್' ಬರೆದ ವಿಲಿಯಂ ಮೇಕ್‌ಪೀಸ್ ಥ್ಯಾಕರೆ ಇವನೇ. ಅಜ್ಜ ಸಿಲ್ಹೆಟ್ಟಿನ ಕಾಡಿನಲ್ಲಿ ಆನೆ ಹಿಡಿಸಿ ಕಂಪನಿಗೆ ಮಾರಿ ದುಡ್ಡು ಮಾಡಿದವನು. ಅಂದ್ರೆ ಇಡೀ ಮನೆತನವೇ ಈ ದೇಶದ ಅನ್ನ ತಿಂದದ್ದು.

ನನಗೆ ಸೋಜಿಗ ಅನಿಸೋದು ಇದು: ಆ ಕಾದಂಬರಿಯಲ್ಲಿ ಜೋಸ್ ಸೆಡ್ಲಿ ಅನ್ನೋ ಒಬ್ಬ ಬೊಜ್ಜಿನ, ಪುಕ್ಕಲು, ಜಂಭದ ಮನುಷ್ಯ ಬರ್ತಾನೆ. ಕಂಪನಿ ಸರ್ಕಾರದಲ್ಲಿ ಅವನ ಹುದ್ದೆ ಯಾವುದು ಅಂದ್ರೆ ಕಲೆಕ್ಟರ್! ಸ್ವಂತ ಕಾಕಾ ಅದೇ ಹುದ್ದೆಯಲ್ಲಿದ್ದು ಕಿತ್ತೂರಿನಲ್ಲಿ ಸತ್ತಿದ್ದಾನೆ; ಮಗ ಆ ಹುದ್ದೆಯ ಮನುಷ್ಯನನ್ನೇ ನಗೆಪಾಟಲು ಮಾಡಿ ಲೋಕಕ್ಕೆ ತೋರಿಸಿದ. ರಕ್ತ ಒಂದೇ, ಹೆಸರು ಒಂದೇ. ಕಾಕಾನ ಲೆಕ್ಕ ಮಗನ ಖಾತೆಗೆ ಬೀಳಲಿಲ್ಲ.

ಇನ್ನು ರಕ್ತವೂ ಇಲ್ಲದ ಥ್ಯಾಕರೆಗಳ ಕಡೆ ಬರೋಣ. ಮುಂಬೈ ಕಡೆಯ ಒಂದು ಕಾಯಸ್ಥ ಪ್ರಭು ಮನೆತನದ ಕೇಶವ ಸೀತಾರಾಮ ಠಾಕ್ರೆ, ಬಾಲ್ಯವಿವಾಹ, ವರದಕ್ಷಿಣೆ, ಅಸ್ಪೃಶ್ಯತೆ ವಿರುದ್ಧ ಬರೆದವರು. 'ಪ್ರಬೋಧನ' ಪತ್ರಿಕೆಯಿಂದ ಪ್ರಬೋಧನಕಾರ ಅಂತಲೇ ಹೆಸರಾದರು. ಇಂಗ್ಲಿಷ್ ಕಾದಂಬರಿಕಾರನ ಮೇಲಿನ ಅಭಿಮಾನಕ್ಕೆ ತಮ್ಮ ಮನೆತನದ ಹೆಸರನ್ನ ಇಂಗ್ಲಿಷಿನಲ್ಲಿ ಅವನ ಹಾಗೇ ಬರೆಯೋಕೆ ಶುರು ಮಾಡಿದರು. ಅವರ ಮಗ ಬಾಳ ಠಾಕ್ರೆ, 1966ರಲ್ಲಿ ಶಿವಸೇನೆ ಕಟ್ಟಿದವರು. ಬೆಳಗಾವಿ ನಮಗೆ ಸೇರಬೇಕು ಅಂತ ಆ ಪಕ್ಷ ಮಾಡಿದ ಗದ್ದಲ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಕಿತ್ತೂರು ಇವತ್ತು ಇರೋದೂ ಬೆಳಗಾವಿ ಜಿಲ್ಲೆಯಲ್ಲೇ. 'ಆ ಹೆಸರಿನವರಿಗೆ ನಮ್ಮ ನೆಲದ ಮೇಲೇ ಕಣ್ಣು ನೋಡ್ರಿ' ಅಂತ ಕಟ್ಟೆ ಮೇಲೆ ಕೂತವರು ನಗೋದನ್ನ ಕೇಳಿದ್ದೇನೆ. ಚಲೋ ಚಾಷ್ಟಿ. ಆದರೆ ಚಾಷ್ಟಿ ಅಷ್ಟೇ. ಇದರಲ್ಲಿ ವಂಶವೂ ಇಲ್ಲ, ಸಂಚೂ ಇಲ್ಲ. ಒಬ್ಬ ಓದುಗನ ಪ್ರೀತಿಯಿಂದ ಬಂದ ಕಾಗುಣಿತ.

ಅದಕ್ಕೇ ಕನ್ನಡದ ಮೇಲೆ ನನಗೆ ಇನ್ನಷ್ಟು ಮೋಹ. ಇಂಗ್ಲಿಷಿನಲ್ಲಿ ಒಂದೇ ಆಗಿ ಕಾಣೋದನ್ನ ನಮ್ಮ ಅಕ್ಷರ ಬೇರೆ ಮಾಡಿ ಇಡ್ತದೆ: ಇವನು ಥ್ಯಾಕರೆ, ಅವರು ಠಾಕ್ರೆ. ಗಂಗೂಬಾಯಿಯವರದು ಹಾನಗಲ್ಲ, ನಮ್ಮ ಪಕ್ಕದ ಊರಿನ ಹೆಸರು. 'ಶೋಲೆ'ಯ ಕುರುಡ ಚಾಚಾನದು ಹಂಗಲ್, ಕಾಶ್ಮೀರಿ ಪಂಡಿತರ ಮನೆತನ. ಇಂಗ್ಲಿಷಿನಲ್ಲಿ ಬರೆದು ನೋಡ್ರಿ, ಇಬ್ಬರೂ ಒಂದೇ ಮನೆಯವರಾಗಿಬಿಡ್ತಾರೆ.

ಹೆಸರಿನ ಅರ್ಥಕ್ಕೆ ಹೋದರೆ ಇನ್ನೂ ಮಜಾ. ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ಆ ಹೆಸರಿನ ಒಂದು ಜಾಗ ಇತ್ತು. ಗುಡಿಸಲಿಗೆ ಹೊದಿಸೋ ಜೊಂಡು ಬೆಳೆಯೋ ಮೂಲೆ ಅಂತ ಅದರ ಅರ್ಥ. ಅಂದ್ರೆ ದೊರೆ ಥ್ಯಾಕರೆ ಸಾಹೇಬರು ನಮ್ಮ ಅಣ್ಣಿಗೇರಿ, ನವಲಗುಂದ, ಹುಲ್ಲೂರ ಅಡ್ಡಹೆಸರಿನವರ ಹಾಗೆ ಬರೇ ಊರ ಹೆಸರು ಹೊತ್ತವರು. ಪ್ರಬೋಧನಕಾರರ ಮನೆತನಕ್ಕೂ ಮೊದಲು ಪನ್ವೇಲಕರ ಅಂತಿತ್ತು. ಕುಂದಗೋಳದ ಸವಾಯಿ ಗಂಧರ್ವರನ್ನೇ ನೋಡ್ರಿ: ಮನೆತನದ ಹೆಸರು ಸೌಂಶಿ, ಅಂದ್ರೆ ಕುಂದಗೋಳ ತಾಲೂಕಿನ ಸಂಶಿ; ಮಹಾರಾಷ್ಟ್ರದ ರಂಗಭೂಮಿಗೆ ಹೋದ ಮೇಲೆ ಕುಂದಗೋಳಕರ. ಒಬ್ಬ ಮನುಷ್ಯ, ಎರಡು ಊರು, ಹಾಡಿದ್ದು ಮಾತ್ರ ತನ್ನದೇ ಗಂಟಲಿನಿಂದ.

ಥ್ಯಾಕರೆ ಹೆಸರು ಅಷ್ಟಕ್ಕೇ ನಿಂತಿಲ್ಲ. ದಕ್ಷಿಣದ ಆಕಾಶದಲ್ಲಿ ಒಂದಿಷ್ಟು ಕಪ್ಪು ಧೂಳಿನ ಮೋಡಗಳಿವೆ, 1950ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಕೂತು ಕಂಡುಹಿಡಿದ ಖಗೋಳಜ್ಞನೊಬ್ಬನ ಹೆಸರಲ್ಲಿ ಅವಕ್ಕೂ ಥ್ಯಾಕರೆ ಅಂತಲೇ ಹೆಸರು. ಸಹ್ಯಾದ್ರಿಯಲ್ಲಿ ಕಪ್ಪೆಯ ಮೊಟ್ಟೆ ತಿನ್ನೋ ಒಂದು ಹಾವಿಗೆ 2019ರಲ್ಲಿ ಬಾಳ ಠಾಕ್ರೆಯವರ ಮೊಮ್ಮಗನ ಗೌರವಕ್ಕೆ ಆ ಹೆಸರಿಟ್ಟರು. ಹಾವಿಗೆ ಬೆಳಗಾವಿ ಯಾರದಾದರೇನು.

ಇಲ್ಲೀತನಕ ಎಲ್ಲರೂ ತಲೆಯಾಡಿಸ್ತೀರಿ. ಕಿತ್ತೂರಿನ ಪಾಪ ಕಾದಂಬರಿಕಾರನಿಗೆ ತಟ್ಟೋದಿಲ್ಲ, ಮುಂಬೈಗಂತೂ ಇಲ್ಲವೇ ಇಲ್ಲ, ಹಾವಿಗೆ ಕೇಳೋದೇ ಬೇಡ. ಸರಿ. ಪಾಪ ಹೆಸರಿನ ಜೊತೆ ಇಳಿದು ಬರೋದಿಲ್ಲ ಅಂದಮೇಲೆ ಮಾನ ಮಾತ್ರ ಹೇಗೆ ಇಳಿದು ಬರ್ತದೆ? ಈ ಪ್ರಶ್ನೆಗೆ ನಮ್ಮ ಊರುಗಳಲ್ಲಿ ಯಾರೂ ತಲೆಯಾಡಿಸೋದಿಲ್ಲ. ನಮ್ಮ ಮನೆಯಲ್ಲೂ ಇಲ್ಲ. ಪಾಟೀಲ ಅನ್ನೋದು ಒಂದು ನೌಕರಿ. ಕಂದಾಯ ವಸೂಲಿ, ಊರ ಕಾವಲು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದು ನೌಕರಿ ಹೋಯಿತು, ಅಡ್ಡಹೆಸರು ಹೋಗಲಿಲ್ಲ. ಅದರ ಜೊತೆ ಜಾತ್ರೆಯ ಮೊದಲ ಕಾಯಿ, ಪಂಚಾಯ್ತಿಯ ಕುರ್ಚಿ, ಹೆಣ್ಣು ಕೊಡುವಾಗಿನ ತೂಕ, ಇವೂ ಹೋಗಲಿಲ್ಲ. ಅಜ್ಜ ಬಡವರ ಕಂದಾಯಕ್ಕೆ ಎತ್ತು ಹೊಡೆದುಕೊಂಡು ಹೋಗಿದ್ದರೆ 'ಅದು ಅವರ ಕಾಲ' ಅಂತೀವಿ. ಅಜ್ಜ ಕೆರೆ ಕಟ್ಟಿಸಿದ್ದರೆ 'ನಾವು ಕಟ್ಟಿಸಿದ ಕೆರೆ' ಅಂತೀವಿ. ಸಾಲ ಅಜ್ಜನದು, ಆಸ್ತಿ ನಮ್ಮದು. ಯಾವ ಬ್ಯಾಂಕೂ ಒಪ್ಪದ ಲೆಕ್ಕ ಇದು.

ಪಾಟೀಲರೇನು ಒಂದೇ ಮಂದಿಯೇ? ಲಿಂಗಾಯತರಿದ್ದಾರೆ, ಜೈನರಿದ್ದಾರೆ, ಮರಾಠರಿದ್ದಾರೆ, ಮುಸಲ್ಮಾನರಿದ್ದಾರೆ. ಚಂಪಾ ಪಾಟೀಲರೇ, ಸ್ಮಿತಾ ಪಾಟೀಲರೇ. ಪುಟ್ಟಪ್ಪನವರು ಅಡ್ಡಹೆಸರನ್ನ ಮುಂದಕ್ಕೆ ತಂದು ಪಾಟೀಲ ಪುಟ್ಟಪ್ಪ ಆದರು. ಅದಕ್ಕೇ ನಮ್ಮ ಕಡೆ ಎರಡನೇ ಪ್ರಶ್ನೆ ಹುಟ್ಟಿದ್ದು: 'ಯಾವ ಪಾಟೀಲ್ರೀ?'

ನನ್ನ ಗೆಳೆಯನೊಬ್ಬ ನವಲಗುಂದ ತಾಲೂಕಿನವನು. ಧಾರವಾಡದಲ್ಲಿ ಬಾಡಿಗೆ ಮನೆ ನೋಡೋಕೆ ಹೋದಾಗ ಜೊತೆಗೆ ನಾನೂ ಇದ್ದೆ. ಪಾಟೀಲ ಅಂದ ಕೂಡಲೆ ಮನೆಯ ಯಜಮಾನರ ಮುಖ ಅರಳಿತು. ಬರ್ರಿ, ಕೂಡ್ರಿ, ಚಹಾ ತಗೋರಿ. ಮನೆಯೂ ಚಲೋ ಇತ್ತು, ನಳಕ್ಕೆ ನೀರು, ಹಿತ್ತಲಲ್ಲಿ ಕರಿಬೇವಿನ ಗಿಡ.

'ಯಾವ ಪಾಟೀಲ್ರೀ ನೀವು?'

'ನವಲಗುಂದದ ಕಡೆಯವ್ರೀ.'

'ಅದಲ್ಲರೀ, ಮಂದಿ ಯಾರು ಅಂತ...'

ಅವನು ತನ್ನ ಹೆಸರು ಹೇಳಿದ. ಯಜಮಾನರು ಒಂದು ಗಳಿಗೆ ಸುಮ್ಮನಿದ್ದು, ಮಗಳು ಊರಿಂದ ಬರೋದಿದೆ, ಮನೆ ಅವಳಿಗೇ ಬೇಕಾಗಬಹುದು, ಹೇಳಿ ಕಳಿಸ್ತೀನಿ ಅಂದರು. ನಾವು ಚಹಾ ಮುಗಿಸಿ ಎದ್ದೆವು. ಬಾಡಿಗೆಗಿದೆ ಅನ್ನೋ ಫಲಕ ಎರಡು ತಿಂಗಳು ಆ ಗೇಟಿನ ಮೇಲೆ ಹಾಗೇ ನೇತಾಡ್ತಿತ್ತು. ನಾನು ದಿನಾ ಅದೇ ದಾರಿಯಲ್ಲಿ ಓಡಾಡೋನು.

ಈಗ ಅವನು ಮನೆ ಕೇಳೋಕೆ ಹೋದರೆ ಗೇಟಿನಲ್ಲೇ ಮೊದಲು ತನ್ನ ಹೆಸರು ಹೇಳ್ತಾನೆ, ಅಡ್ಡಹೆಸರು ಆಮೇಲೆ. ಅವರ ಚಹಾಪುಡಿ ಯಾಕೆ ದಂಡ ಮಾಡೋದು ಅಂತಾನೆ.